ಕೋಚ್ ಹೋದರು, ಮಗನೂ ಹೊರಡಬೇಕಾ?

ಪ್ರಶ್ನೆ: ನಾವು ಇಪ್ಪತ್ತು ವರ್ಷದಿಂದ ನ್ಯೂಜೆರ್ಸಿಯಲ್ಲಿದ್ದೇವೆ. ಮಗ ಇಲ್ಲೇ ಹುಟ್ಟಿದವನು. ಈಗ ಕಾಲೇಜು ಆಟದ ಅತಿ ಮೇಲಿನ ಮಟ್ಟವಾದ ಡಿವಿಷನ್ 1ರ ಒಂದು ಸಣ್ಣ ಯೂನಿವರ್ಸಿಟಿಯಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಎರಡನೇ ವರ್ಷ ಓದುತ್ತಿದ್ದಾನೆ. ಸ್ಕಾಲರ್‌ಶಿಪ್ ಮೇಲೆ ಬಾಸ್ಕೆಟ್‌ಬಾಲ್ ಆಡುತ್ತಾನೆ, ಚೆಂಡು ನಡೆಸುವ ಗಾರ್ಡ್ ಸ್ಥಾನದಲ್ಲಿ. ಈ ಸೀಸನ್‌ನಲ್ಲಿ ಪಂದ್ಯಕ್ಕೆ ಸರಾಸರಿ 14 ನಿಮಿಷ ಆಡಿದ. ಹೈಸ್ಕೂಲಿನಲ್ಲಿ ಅವನನ್ನು ನೋಡಿ, ಮನೆಗೆ ಬಂದು ನಮ್ಮ ಜೊತೆ ಊಟ ಮಾಡಿ, ಅವನನ್ನು ಕರೆದುಕೊಂಡು ಹೋದ ಹೆಡ್ ಕೋಚ್ ಕಳೆದ ಭಾನುವಾರ ರಾತ್ರಿ ದೊಡ್ಡ ಯೂನಿವರ್ಸಿಟಿಯೊಂದಕ್ಕೆ ಹೋಗಿಬಿಟ್ಟರು. ಹುಡುಗರಿಗೆ ಹೇಳಿದ್ದು ಹತ್ತು ನಿಮಿಷದ ಒಂದು ಮೀಟಿಂಗಿನಲ್ಲಿ. ಮಗನಿಗೆ ‘ಟಚ್‌ನಲ್ಲಿರು, ನೋಡೋಣ’ ಅಂದರಂತೆ. ಎರಡೇ ದಿನದಲ್ಲಿ ಟೀಮಿನ ಏಳು ಹುಡುಗರು ಟ್ರಾನ್ಸ್‌ಫರ್ ಪೋರ್ಟಲ್‌ಗೆ (ಕಾಲೇಜು ಬದಲಿಸಬೇಕೆಂದಿರುವ ಆಟಗಾರರ ಪಟ್ಟಿಗೆ) ಹೋಗುತ್ತೇವೆ ಎಂದು ಇನ್‌ಸ್ಟಾಗ್ರಾಮ್‌ನಲ್ಲಿ ಹಾಕಿದ್ದಾರೆ. ಅವನ ಪ್ರೈವೇಟ್ ಟ್ರೇನರ್ ‘ತಡ ಮಾಡಿದರೆ ಎಲ್ಲ ಕಡೆ ಸೀಟು ತುಂಬಿಹೋಗುತ್ತೆ, ನೀವೂ ಹಾಕಿ’ ಎನ್ನುತ್ತಾರೆ. ನಮ್ಮ ಯಜಮಾನರು ‘ಡಿಗ್ರಿ ಮುಗಿಸಲಿ, ಎಲ್ಲಿಗೂ ಬೇಡ’ ಎನ್ನುತ್ತಾರೆ. ಮಗ ಬಾಗಿಲು ಹಾಕಿಕೊಂಡು ಫೋನ್ ನೋಡುತ್ತಾ ಕೂತಿದ್ದಾನೆ. ಹಾಸನದಿಂದ ಅತ್ತೆ ಫೋನ್ ಮಾಡಿ ‘ಕಾಲೇಜು ಬಿಡಿಸ್ತಿದ್ದೀರಂತೆ, ಫೇಲ್ ಆದ್ನಾ?’ ಎಂದು ಕೇಳಿದರು. ಏನು ಹೇಳಬೇಕೋ ಗೊತ್ತಾಗಲಿಲ್ಲ. ಅವನು ಹೊರಡಬೇಕಾ, ಇರಬೇಕಾ?

ಹೆಸರು ಬೇಡ ಎಂದಿರುವ ಒಬ್ಬ ತಾಯಿ, ನ್ಯೂಜೆರ್ಸಿ

ಉತ್ತರ: ಮೊದಲು ನಿಮ್ಮ ಅತ್ತೆಯವರ ಪ್ರಶ್ನೆಗೆ ಉತ್ತರ ಕೊಟ್ಟುಬಿಡುತ್ತೇನೆ. ಇಲ್ಲ, ನಿಮ್ಮ ಮಗ ಫೇಲ್ ಆಗಿಲ್ಲ. ಅವನಿಂದ ಯಾವ ತಪ್ಪೂ ಆಗಿಲ್ಲ. ನಮ್ಮ ಕಡೆ ಡಿಗ್ರಿ ಅರ್ಧದಲ್ಲಿ ಕಾಲೇಜು ಬದಲಿಸಿದರೆ ಏನೋ ಎಡವಟ್ಟಾಗಿದೆ ಅಂತಲೇ ಜನ ತಿಳಿಯುತ್ತಾರೆ. ಅಮೆರಿಕದ ಕಾಲೇಜು ಬಾಸ್ಕೆಟ್‌ಬಾಲಿನಲ್ಲಿ ಈಗ ಇದು ವರ್ಷವರ್ಷವೂ ನಡೆಯುವ ಮಾಮೂಲಿ ಸಂಗತಿ. 2025ರಲ್ಲಿ ಡಿವಿಷನ್ 1ರ ಪುರುಷರ ಬಾಸ್ಕೆಟ್‌ಬಾಲ್ ಒಂದರಲ್ಲೇ 2,000ಕ್ಕೂ ಹೆಚ್ಚು ಹುಡುಗರು ಪೋರ್ಟಲ್‌ಗೆ ಹೆಸರು ಕೊಟ್ಟರು. ಆ ಮಟ್ಟದಲ್ಲಿ ಇರುವುದು ಸುಮಾರು 360 ಟೀಮು. ಟೀಮಿಗೆ ಐದಾರು ಜನ ಅಂದ ಹಾಗಾಯಿತು.

ನಾನು ಅಮೆರಿಕದ ಎರಡು ಯೂನಿವರ್ಸಿಟಿಗಳ ಅಥ್ಲೆಟಿಕ್ ಡಿಪಾರ್ಟ್‌ಮೆಂಟಿನಲ್ಲಿ ಹದಿಮೂರು ವರ್ಷ ಕೆಲಸ ಮಾಡಿದವನು. ಆಟಗಾರರ ಓದು ಮತ್ತು ನಿಯಮ ನೋಡಿಕೊಳ್ಳುವ ಕೆಲಸ. ಕೋಚ್ ಹೋದ ಮಾರನೇ ದಿನ ನನ್ನ ಟೇಬಲ್ ಎದುರು ಬಂದು ಕೂರುವ ಹುಡುಗರನ್ನು ತುಂಬ ನೋಡಿದ್ದೇನೆ. ಫೋನನ್ನು ಟೇಬಲ್ ಮೇಲೆ ಮಗುಚಿ ಇಡುತ್ತಾರೆ. ಅದು ನಿಮಿಷಕ್ಕೊಮ್ಮೆ ನಡುಗುತ್ತದೆ. ಪ್ರತಿ ಸಲವೂ ಕಣ್ಣು ಅಲ್ಲಿಗೇ ಹೋಗುತ್ತದೆ. ನಿಮ್ಮ ಮಗ ಬಾಗಿಲು ಹಾಕಿಕೊಂಡು ಕೂತಿದ್ದಾನೆ ಎಂದು ಓದಿದಾಗ ನನಗೆ ಆ ಮುಖಗಳೇ ನೆನಪಾದವು.

ನಿಮ್ಮ ಪತ್ರದಲ್ಲಿ ಎರಡು ಭಯ ಬೆರೆತಿವೆ. ನಂಬಿದವರು ಕೈಬಿಟ್ಟು ಹೋದರು, ಇನ್ನು ಮಗನಿಗೆ ಅಲ್ಲಿ ಯಾರೂ ಇಲ್ಲ ಅನ್ನುವುದು ಒಂದು. ಟೈಮ್ ಮೀರುತ್ತಿದೆ ಅನ್ನುವುದು ಇನ್ನೊಂದು. ಮೊದಲನೆಯದರಲ್ಲಿ ನಿಜ ಇದೆ. ಎರಡನೆಯದನ್ನು ಹೆಚ್ಚಾಗಿ ಸುತ್ತಲಿನವರು ಹುಟ್ಟಿಸಿದ್ದಾರೆ. ಅದನ್ನೇ ಮೊದಲು ಬಿಡಿಸೋಣ.

ಪೋರ್ಟಲ್ ಅಂದರೆ ಏನೋ ದೊಡ್ಡ ಸಂತೆ ಎಂದು ಜನ ಅಂದುಕೊಂಡಿದ್ದಾರೆ. ಅದು ಬರೀ ಒಂದು ಪಟ್ಟಿ, ಅಷ್ಟೇ. 2018ರ ಅಕ್ಟೋಬರ್‌ನಲ್ಲಿ ಶುರುವಾಯಿತು. ಅದಕ್ಕೆ ಮುಂಚೆ ಬೇರೆ ಕಾಲೇಜಿನ ಕೋಚ್ ಜೊತೆ ಮಾತಾಡಬೇಕಾದರೂ ಇರುವ ಕಾಲೇಜಿನ ಅನುಮತಿ ಬೇಕಿತ್ತು. ಅವರು ಇಲ್ಲ ಎಂದರೆ ಹೊಸ ಕಾಲೇಜು ಸ್ಕಾಲರ್‌ಶಿಪ್ ಕೊಡುವಂತಿರಲಿಲ್ಲ. ಪೋರ್ಟಲ್ ಬಂದ ಮೇಲೆ ಹುಡುಗ ತಿಳಿಸಿದರೆ ಸಾಕು, ಕಾಲೇಜು ಎರಡು ಕೆಲಸದ ದಿನದೊಳಗೆ ಹೆಸರು ಸೇರಿಸಬೇಕು. ಆಗಲೂ ಬಾಸ್ಕೆಟ್‌ಬಾಲ್ ಹುಡುಗರು ಹೊಸ ಕಾಲೇಜಿನಲ್ಲಿ ಒಂದು ವರ್ಷ ಆಡದೆ ಕೂರಬೇಕಿತ್ತು. 2021ರಲ್ಲಿ ಒಂದು ಸಲದ ಮಟ್ಟಿಗೆ ಅದನ್ನು ತೆಗೆದರು. 2023ರ ಡಿಸೆಂಬರ್‌ನಲ್ಲಿ ವೆಸ್ಟ್ ವರ್ಜೀನಿಯಾದ ಫೆಡರಲ್ ಕೋರ್ಟು ಎರಡನೇ ಸಲ ಬದಲಿಸಿದವರನ್ನೂ ತಡೆಯಬೇಡಿ ಎಂದಿತು. 2024ರ ಏಪ್ರಿಲ್‌ನಲ್ಲಿ ಕಾಲೇಜು ಆಟಗಳನ್ನು ನಡೆಸುವ ಸಂಸ್ಥೆ ಎನ್‌ಸಿಎಎ ನಿಯಮವನ್ನೇ ಬದಲಿಸಿತು. ಈಗ ಓದಿನ ಲೆಕ್ಕ ಸರಿಯಿದ್ದರೆ ಎಷ್ಟು ಸಲ ಬೇಕಾದರೂ ಬದಲಿಸಿ ಕೂಡಲೇ ಆಡಬಹುದು. ಹಾಗಾಗಿ ಒಂದು ವರ್ಷ ಹಾಳಾಗುತ್ತೆ ಎಂದು ಯಾರಾದರೂ ಹೇಳಿದರೆ ಅದು ಹಳೇ ಮಾತು.

ಇನ್ನು ಕೊನೆ ದಿನಾಂಕ. ಹೆಸರು ಕೊಡಲು ಇರುವ ಅವಧಿ ಮೊದಲು 60 ದಿನ ಇತ್ತು. ಆಮೇಲೆ 45 ಆಯಿತು, 2025ರಲ್ಲಿ 30. ಈಗ ರಾಷ್ಟ್ರೀಯ ಫೈನಲ್ ಮುಗಿದ ಮಾರನೇ ದಿನದಿಂದ 15 ದಿನಕ್ಕೆ ಇಳಿದಿದೆ. ಹೆಡ್ ಕೋಚ್ ಬದಲಾದ ಟೀಮಿನ ಹುಡುಗರಿಗೆ ಬೇರೆಯೇ ಒಂದು ಅವಧಿ ಇರುತ್ತದೆ. ನಿಮ್ಮ ಮಗನಿಗೆ ಅನ್ವಯಿಸುವ ಮೊದಲ ದಿನ ಯಾವುದು, ಕೊನೆ ದಿನ ಯಾವುದು ಅಂತ ಅವನ ಕಾಲೇಜಿನಲ್ಲಿ ಆಟದ ನಿಯಮ ನೋಡಿಕೊಳ್ಳುವ ಕಂಪ್ಲಯನ್ಸ್ ಆಫೀಸಿನಿಂದ ಇಮೇಲ್‌ನಲ್ಲಿ ತರಿಸಿಕೊಳ್ಳಲಿ. ಬಾಯಿಮಾತು ಬೇಡ.

ನಿಮ್ಮ ಟ್ರೇನರ್ ಹೇಳದೆ ಬಿಟ್ಟ ಮುಖ್ಯವಾದ ವಿಷಯ ಇಲ್ಲಿದೆ. ಆ ದಿನಾಂಕ ಇರುವುದು ಹೆಸರು ಕೊಡಲು ಮಾತ್ರ. ಹೊಸ ಕಾಲೇಜು ಆರಿಸಲು ಅಲ್ಲ. ಕೊನೆ ದಿನದೊಳಗೆ ಹೆಸರು ಕೊಟ್ಟು ಮೇ ತಿಂಗಳಲ್ಲೋ ಜೂನ್‌ನಲ್ಲೋ ಕಾಲೇಜು ಆರಿಸಿದವರು ಬೇಕಾದಷ್ಟು ಜನ ಇದ್ದಾರೆ. ಸೀಟು ಬೇಗ ತುಂಬುತ್ತೆ ಅನ್ನುವುದು ಪೂರ್ತಿ ಸುಳ್ಳಲ್ಲ. ಒಳ್ಳೆಯ ಜಾಗಗಳು ಮೊದಲ ಎರಡು ವಾರದಲ್ಲಿ ಹೋಗುತ್ತವೆ. ಆದರೆ ಇವತ್ತಿಗೂ ಮುಂದಿನ ಸೋಮವಾರಕ್ಕೂ ನಡುವೆ ನಿಮ್ಮ ಮಗನ ಹಣೆಬರಹ ಬದಲಾಗುವುದಿಲ್ಲ.

ಹೆಸರು ಕೊಟ್ಟು ನೋಡೋಣ, ಬೇಡ ಅನಿಸಿದರೆ ವಾಪಸ್ ತೆಗೆದುಕೊಂಡರಾಯಿತು ಎಂದೂ ಕೆಲವರು ಹೇಳುತ್ತಾರೆ. ತೆಗೆದುಕೊಳ್ಳಬಹುದು, ನಿಜ. ಆದರೆ ಒಮ್ಮೆ ಬರೆದುಕೊಟ್ಟ ಮೇಲೆ ಆ ಸೆಮಿಸ್ಟರ್ ಕೊನೆಗೆ ಸ್ಕಾಲರ್‌ಶಿಪ್ ನಿಲ್ಲಿಸುವ ಹಕ್ಕು ಈಗಿನ ಕಾಲೇಜಿಗೆ ಬರುತ್ತದೆ. ಅವನ ಜಾಗ ಅವನಿಗಾಗಿ ಕಾದಿರಬೇಕು ಎಂಬ ನಿಯಮ ಇಲ್ಲ. ಹೊಸ ಕೋಚ್ ಅದನ್ನು ಬೇರೆಯವನಿಗೆ ಕೊಟ್ಟಿದ್ದರೆ ಅಲ್ಲಿಗೆ ಮುಗಿಯಿತು. ಸುಮ್ನೆ ಒಂದು ಕಲ್ಲು ಹೊಡೆದು ನೋಡುವ ಕೆಲಸ ಇದಲ್ಲ.

ಈಗ ಮೊದಲನೇ ಭಯಕ್ಕೆ ಬರೋಣ. ಮನೆಗೆ ಬಂದು ಊಟ ಮಾಡಿದ ಮನುಷ್ಯ ಹತ್ತು ನಿಮಿಷದಲ್ಲಿ ಹೇಗೆ ಎದ್ದು ಹೋದರು? ನಿಮಗೆ ನೋವಾಗಿದೆ, ಆಗಲೇಬೇಕು. ಆದರೆ ಈ ಕೆಲಸ ನಡೆಯುವ ರೀತಿ ತಿಳಿದರೆ ಮುಂದಿನ ಹೆಜ್ಜೆಗೆ ಅನುಕೂಲ ಆಗುತ್ತದೆ.

2024ರ ಮಾರ್ಚ್, ಏಪ್ರಿಲ್ ನೆನಪಿಸಿಕೊಳ್ಳಿ. ಟೆಕ್ಸಸ್‌ನ ಡಲ್ಲಸ್‌ನಲ್ಲಿರುವ ಎಸ್‌ಎಂಯು ಯೂನಿವರ್ಸಿಟಿ ತನ್ನ ಕೋಚ್‌ನನ್ನು ತೆಗೆದು, ಲಾಸ್ ಏಂಜಲೀಸ್‌ನ ಯುಎಸ್‌ಸಿಯಿಂದ ಆಂಡಿ ಎನ್‌ಫೀಲ್ಡ್ ಅವರನ್ನು ಕರೆತಂದಿತು. ಯುಎಸ್‌ಸಿ ಖಾಲಿಯಾಯಿತು. ಅಲ್ಲಿಗೆ ಆರ್ಕನ್ಸಾದಿಂದ ಎರಿಕ್ ಮಸಲ್‌ಮನ್ ಹೋದರು. ಆರ್ಕನ್ಸಾ ಖಾಲಿಯಾಯಿತು. ಅಲ್ಲಿಗೆ ಕೆಂಟಕಿಯಲ್ಲಿ ಹದಿನೈದು ಸೀಸನ್ ಇದ್ದ ಜಾನ್ ಕ್ಯಾಲಿಪಾರಿ ಹೋದರು. ಕೆಂಟಕಿ ಬಿವೈಯುನಿಂದ ಮಾರ್ಕ್ ಪೋಪ್ ಅವರನ್ನು ತಂದಿತು. ಬಿವೈಯು ಎನ್‌ಬಿಎಯ ಫೀನಿಕ್ಸ್ ಸನ್ಸ್ ತಂಡದಲ್ಲಿ ಅಸಿಸ್ಟೆಂಟ್ ಆಗಿದ್ದ ಕೆವಿನ್ ಯಂಗ್ ಅವರನ್ನು ತಂದಿತು. ಎಲ್ಲೋ ಡಲ್ಲಸ್‌ನಲ್ಲಿ ಒಂದು ಕುರ್ಚಿ ಖಾಲಿಯಾಗಿದ್ದಕ್ಕೆ ಐದು ಯೂನಿವರ್ಸಿಟಿಯ ಹುಡುಗರ ಜೀವನ ಅಲುಗಾಡಿತು. ಇದೆಲ್ಲ ಕೆಲವೇ ವಾರಗಳಲ್ಲಿ. ಕೆಂಟಕಿಯಲ್ಲಿ ಹಿಂದಿನ ವರ್ಷ ಸ್ಕಾಲರ್‌ಶಿಪ್ ಮೇಲೆ ಆಡಿದ್ದ ಒಬ್ಬನೂ ಉಳಿಯಲಿಲ್ಲ. ಪೋಪ್ ಇಡೀ ಟೀಮನ್ನು ಹೊಸದಾಗಿ ಕಟ್ಟಿದರು. ಹೊಸ ನೀರು ಬಂದು ಹಳೇ ನೀರು ಕೊಚ್ಚಿಕೊಂಡು ಹೋಯಿತು ಅಂತೀವಲ್ಲ, ಹಾಗೆ.

ಹೊಸ ಕೋಚ್ ಬಂದಾಗ ಹೀಗಾಗಲು ಕಾರಣ ಇದೆ. ಅವರ ಕೈಯಲ್ಲಿ ಇರುವುದು ಕೆಲವೇ ವಾರ. ಹಳೇ ಟೀಮಿನಲ್ಲಿ ಯಾರು ಉಳಿಯುತ್ತಾರೆ ಎಂದು ಗೊತ್ತಿರುವುದಿಲ್ಲ. ತನ್ನ ಆಟ ಗೊತ್ತಿರುವ ಇಬ್ಬರು ಮೂವರನ್ನು ಹಿಂದಿನ ಕಾಲೇಜಿನಿಂದ ಕರೆತರುತ್ತಾರೆ. ಉಳಿದ ಜಾಗವನ್ನು ಪೋರ್ಟಲ್‌ನಿಂದ, ಅದರಲ್ಲೂ ವಯಸ್ಸು ಮತ್ತು ಅನುಭವ ಇರುವವರಿಂದ ತುಂಬುತ್ತಾರೆ. ಆಟಗಾರರಿಗೆ ಕಾಲೇಜೇ ಹಣ ಕೊಡಲು ಬಿಡುವ, 2025ರ ಜೂನ್‌ನಲ್ಲಿ ಕೋರ್ಟು ಒಪ್ಪಿದ ಹೌಸ್ ಒಪ್ಪಂದಕ್ಕೆ ಸೇರಿದ ಕಾಲೇಜುಗಳಲ್ಲಿ ಪುರುಷರ ಬಾಸ್ಕೆಟ್‌ಬಾಲಿಗೆ ಇರುವುದು 15 ಜಾಗ. ಅಸಿಸ್ಟೆಂಟ್ ಕೋಚ್‌ಗಳೂ ಬದಲಾಗುತ್ತಾರೆ. ಇದು ತುಂಬಾ ಮುಖ್ಯ. ನಿಮ್ಮ ಮಗನ ಶಾಟ್ ತಿದ್ದಿದವರು, ದಿನಾ ಬೆಳಿಗ್ಗೆ ಜೊತೆಗೆ ನಿಂತು ಬಾಲ್ ಪಾಸ್ ಮಾಡಿದವರು ಹೆಚ್ಚಿನ ಸಲ ಹೆಡ್ ಕೋಚ್ ಆಗಿರುವುದಿಲ್ಲ, ಅಸಿಸ್ಟೆಂಟ್ ಆಗಿರುತ್ತಾರೆ. ಅವರು ಎಲ್ಲಿಗೆ ಹೋದರು, ಅಥವಾ ಅಲ್ಲೇ ಉಳಿದರಾ ಎಂದು ವಿಚಾರಿಸಿ. ಎಷ್ಟೋ ಸಲ ಉಳಿದ ಒಬ್ಬ ಅಸಿಸ್ಟೆಂಟ್ ಹೊಸ ಕೋಚ್‌ಗೆ ‘ಈ ಹುಡುಗನನ್ನು ಬಿಡಬೇಡಿ’ ಎಂದು ಹೇಳಿದ್ದರಿಂದ ಹುಡುಗರ ಜಾಗ ಉಳಿದದ್ದನ್ನು ನಾನು ನೋಡಿದ್ದೇನೆ.

ಹಾಗಾದರೆ ಹೋದ ಕೋಚ್ ಹಿಂದೆಯೇ ಹೋಗಬಹುದಾ? ‘ಟಚ್‌ನಲ್ಲಿರು, ನೋಡೋಣ’ ಎಂಬ ಮಾತಿಗೆ ಎಷ್ಟು ಬೆಲೆ?

ಫ್ಲಾರಿಡಾದ ಬೋಕಾ ರಟೋನ್‌ನಲ್ಲಿ ಫ್ಲಾರಿಡಾ ಅಟ್ಲಾಂಟಿಕ್ ಎಂಬ ಯೂನಿವರ್ಸಿಟಿ ಇದೆ. 2023ರಲ್ಲಿ ಆ ಪುಟ್ಟ ಟೀಮು ಫೈನಲ್ ಫೋರ್ (ರಾಷ್ಟ್ರೀಯ ಟೂರ್ನಮೆಂಟಿನ ಕೊನೇ ನಾಲ್ಕು ಟೀಮಿನ ಹಂತ) ತಲುಪಿ, ಸ್ಯಾನ್ ಡಿಯಾಗೊ ಸ್ಟೇಟ್ ಎದುರು ಕೊನೇ ಗಳಿಗೆಯ ಒಂದು ಶಾಟ್‌ಗೆ ಒಂದೇ ಪಾಯಿಂಟಿನಿಂದ ಸೋತಿತು. ಪ್ರಮುಖ ಹುಡುಗರೆಲ್ಲ ಮಾರನೇ ವರ್ಷವೂ ಜೊತೆಗೇ ಉಳಿದರು. 2024ರಲ್ಲಿ ಕೋಚ್ ಡಸ್ಟಿ ಮೇ ಮಿಷಿಗನ್‌ಗೆ ಹೋದರು. ಒಂದೇ ಲಾಕರ್ ರೂಮಿನ ನಾಲ್ಕು ಹುಡುಗರು ಏನು ಮಾಡಿದರು ನೋಡಿ. ಎತ್ತರದ ಸೆಂಟರ್ ವ್ಲಾಡಿಸ್ಲಾವ್ ಗೋಲ್ಡಿನ್ ಕೋಚ್ ಜೊತೆ ಮಿಷಿಗನ್‌ಗೆ ಹೋದ. ಜಾನೆಲ್ ಡೇವಿಸ್ ಆರ್ಕನ್ಸಾಗೆ ಹೋದ. ನಿಕ್ ಬಾಯ್ಡ್ ತಮ್ಮನ್ನು ಸೋಲಿಸಿದ್ದ ಸ್ಯಾನ್ ಡಿಯಾಗೊ ಸ್ಟೇಟ್‌ಗೇ ಹೋದ, ಮುಂದಿನ ವರ್ಷ ಅಲ್ಲಿಂದ ವಿಸ್ಕಾನ್ಸಿನ್‌ಗೆ. ಅಲೈಜಾ ಮಾರ್ಟಿನ್ ಫ್ಲಾರಿಡಾ ಯೂನಿವರ್ಸಿಟಿಗೆ ಹೋಗಿ 2025ರಲ್ಲಿ ರಾಷ್ಟ್ರೀಯ ಚಾಂಪಿಯನ್ ಆದ. ಕೋಚ್ ಒಬ್ಬರೇ, ಅವರು ಕಲಿಸಿದ ಆಟವೂ ಒಂದೇ. ಆದರೂ ನಾಲ್ವರಲ್ಲಿ ಅವರ ಹಿಂದೆ ಹೋದವನು ಒಬ್ಬ.

ಆ ಫ್ಲಾರಿಡಾ ಟೀಮಿನ ಹೀರೋ ವಾಲ್ಟರ್ ಕ್ಲೇಟನ್ ಕಥೆಯೂ ಹೀಗೆಯೇ. ನ್ಯೂಯಾರ್ಕ್ ಪಕ್ಕದ ಅಯೋನಾದಲ್ಲಿ ರಿಕ್ ಪಿಟಿನೊ ಕೈಕೆಳಗೆ ಎರಡು ವರ್ಷ ಆಡಿದ. 2023ರಲ್ಲಿ ಪಿಟಿನೊ ಸೇಂಟ್ ಜಾನ್ಸ್‌ಗೆ ಹೋದಾಗ ಕ್ಲೇಟನ್ ಅವರ ಜೊತೆ ಹೋಗಲಿಲ್ಲ. ತನ್ನ ಸ್ವಂತ ರಾಜ್ಯಕ್ಕೆ ಮರಳಿ ಫ್ಲಾರಿಡಾ ಸೇರಿದ. ಎರಡು ವರ್ಷದ ನಂತರ ಹ್ಯೂಸ್ಟನ್ ಎದುರು 65-63ರಿಂದ ಗೆದ್ದ ಫೈನಲ್ ಮುಗಿದಾಗ ಫೈನಲ್ ಫೋರ್‌ನ ಶ್ರೇಷ್ಠ ಆಟಗಾರ ಅವನೇ.

ಕೋಚ್ ಹಿಂದೆ ಹೋಗಿ ಚೆನ್ನಾಗಿ ಆದವರೂ ಇದ್ದಾರೆ. ಬೆನ್ ಮೆಕಾಲಮ್ ಡಿವಿಷನ್ 2ರ ನಾರ್ತ್‌ವೆಸ್ಟ್ ಮಿಸೂರಿ ಸ್ಟೇಟ್‌ನಲ್ಲಿ ನಾಲ್ಕು ರಾಷ್ಟ್ರೀಯ ಪ್ರಶಸ್ತಿ ಗೆದ್ದವರು. 2024ರಲ್ಲಿ ಡ್ರೇಕ್‌ಗೆ ಬಂದಾಗ ಅಲ್ಲಿಂದ ನಾಲ್ಕು ಹುಡುಗರನ್ನು ಕರೆತಂದರು. ಡಿವಿಷನ್ 2 ಹುಡುಗರು ಇಲ್ಲಿ ಏನು ಮಾಡ್ತಾರೆ ಎಂದು ಅನುಮಾನ ಪಟ್ಟವರೇ ಜಾಸ್ತಿ. ಆ ಸೀಸನ್ ಡ್ರೇಕ್ 31 ಗೆದ್ದು 4 ಸೋತಿತು, ಎನ್‌ಸಿಎಎ ಟೂರ್ನಮೆಂಟಿನಲ್ಲಿ ಮಿಸೂರಿಯನ್ನು ಸೋಲಿಸಿತು. 2025ರಲ್ಲಿ ಮೆಕಾಲಮ್ ಅಯೋವಾಕ್ಕೆ ಹೋದಾಗ ಗಾರ್ಡ್ ಬೆನೆಟ್ ಸ್ಟರ್ಟ್ಸ್ ಮತ್ತೆ ಅವರ ಜೊತೆಗೇ ಹೋದ. ಮೂರು ವರ್ಷದಲ್ಲಿ ಮೂರು ಕಾಲೇಜು, ಕೋಚ್ ಮಾತ್ರ ಒಬ್ಬರೇ. ಆದರೆ ಸ್ಟರ್ಟ್ಸ್‌ನನ್ನು ಅವರು ಕರೆದದ್ದು ಟೀಮಿನ ಕೇಂದ್ರವಾಗಿ, ಬೆಂಚಿನ ಕೊನೆಗೆ ಅಲ್ಲ.

ನನ್ನ ಅನುಭವದಲ್ಲಿ ಕೋಚ್‌ಗೆ ಹುಡುಗ ಬೇಕೇ ಬೇಕು ಅಂದರೆ ‘ನೋಡೋಣ’ ಎನ್ನುವುದಿಲ್ಲ. ನಿಯಮ ಬಿಡುವ ಮೊದಲ ಗಂಟೆಯಲ್ಲೇ ಫೋನ್ ಬರುತ್ತದೆ. ನಿಮ್ಮ ಮಗ ಸಣ್ಣ ಟೀಮಿನಲ್ಲಿ 14 ನಿಮಿಷ ಆಡಿದವನು. ಕೋಚ್ ಹೋಗಿರುವುದು ಮೇಲಿನ ಮಟ್ಟಕ್ಕೆ. ಅಲ್ಲಿ ಕೂತ ಮೇಲೆ ಅವರೂ ಗೆಲ್ಲಲೇಬೇಕು. ಹೇಳಲು ನನಗೂ ಬೇಸರವೇ, ಆದರೆ ಆ ಮಾತನ್ನು ಒಂದು ಒಳ್ಳೆಯ ವಿದಾಯ ಎಂದು ತೆಗೆದುಕೊಳ್ಳಿ. ಅದರ ಮೇಲೆ ಮನೆ ಕಟ್ಟಬೇಡಿ.

ಇನ್ನು ನಿಮ್ಮ ಯಜಮಾನರ ಮಾತು. ಡಿಗ್ರಿ ಮುಗಿಸಲಿ ಅನ್ನುವುದು ಹಳೇ ಕಾಲದ ಹಠ ಅಲ್ಲ. ಎಂಜಿನಿಯರಿಂಗ್ ಹುಡುಗನ ವಿಷಯದಲ್ಲಿ ಇಡೀ ತೀರ್ಮಾನ ತಿರುಗುವುದು ಇಲ್ಲೇ. ಟ್ರೇನರ್‌ಗಳು ಈ ಲೆಕ್ಕ ಹಾಕುವುದಿಲ್ಲ.

ಡಿವಿಷನ್ 1ರಲ್ಲಿ ಆಡಬೇಕಾದರೆ ಮೂರನೇ ವರ್ಷ ಶುರುವಾಗುವಾಗ ಡಿಗ್ರಿಯ 40 ಶೇಕಡಾ ಮುಗಿದಿರಬೇಕು. ನಾಲ್ಕನೇ ವರ್ಷಕ್ಕೆ 60, ಐದನೇ ವರ್ಷಕ್ಕೆ 80. ಕಾಲೇಜು ಬದಲಿಸಿದರೆ ಈ ಶೇಕಡಾ ಲೆಕ್ಕ ಹಾಕುವುದು ಹೊಸ ಕಾಲೇಜಿನ ಡಿಗ್ರಿಯ ಮೇಲೆ. ಒಬ್ಬ ಹುಡುಗನ ಕಥೆ ಹೇಳುತ್ತೇನೆ. ನಿಮ್ಮ ಮಗನ ಹಾಗೆಯೇ ಎಂಜಿನಿಯರಿಂಗ್, ಎರಡನೇ ವರ್ಷ. ಬುದ್ಧಿವಂತ, ಒಳ್ಳೆಯ ಗ್ರೇಡು. ಅವನ ಹತ್ತಿರ 62 ಕ್ರೆಡಿಟ್ ಇತ್ತು. ಹೋಗಬೇಕೆಂದಿದ್ದ ಕಾಲೇಜಿನ ಡಿಗ್ರಿಗೆ 128 ಕ್ರೆಡಿಟ್. ಅದರ 40 ಶೇಕಡಾ ಅಂದರೆ ಸುಮಾರು 51. ಆರಾಮಾಗಿ ಆಯಿತಲ್ಲ ಎಂದು ನಕ್ಕ. ನಾನು ಎರಡೂ ಕಾಲೇಜಿನ ಡಿಗ್ರಿ ಷೀಟ್ (ಡಿಗ್ರಿಗೆ ಬೇಕಾದ ಕೋರ್ಸುಗಳ ಪಟ್ಟಿ) ಪಕ್ಕಪಕ್ಕ ಇಟ್ಟು ಪೆನ್ಸಿಲ್‌ನಲ್ಲಿ ಗೀಟು ಎಳೆಯುತ್ತಾ ಬಂದೆ. ಥರ್ಮೋಡೈನಾಮಿಕ್ಸ್ ಅಲ್ಲಿ ಮೂರನೇ ವರ್ಷದ ಕೋರ್ಸು, ಇಲ್ಲಿ ಓದಿದ್ದು ಸಮ ಅಲ್ಲ ಎಂದರು. ಎಂಜಿನಿಯರಿಂಗ್ ಡ್ರಾಯಿಂಗ್ ಬೇರೆ ಸಾಫ್ಟ್‌ವೇರಿನದು, ಸೇರಿಸಲಿಲ್ಲ. ಎರಡು ಐಚ್ಛಿಕ ವಿಷಯ ಟ್ರಾನ್ಸ್‌ಕ್ರಿಪ್ಟ್‌ಗೆ ಸೇರಿತು, ಡಿಗ್ರಿಗೆ ಸೇರಲಿಲ್ಲ. ಕೊನೆಗೆ ಉಳಿದದ್ದು 46. ಐದು ಕ್ರೆಡಿಟ್ ಕಡಿಮೆ. ಆ ಬೇಸಿಗೆ ಎರಡು ಕೋರ್ಸು ಓದಿ ಪಾಸಾಗದಿದ್ದರೆ ಅವನು ನವೆಂಬರ್‌ನಲ್ಲಿ ಕೋಟು ಹಾಕಿಕೊಂಡು ಬೆಂಚಿನಲ್ಲಿ ಕೂರಬೇಕಿತ್ತು. ಓದಿದ, ಪಾಸಾದ, ಆಡಿದ. ಆದರೆ ಆ ಐದು ಕ್ರೆಡಿಟ್ ಗೊತ್ತಾದದ್ದು ಹೆಸರು ಕೊಡುವ ಮುಂಚೆ. ಆಮೇಲೆ ಗೊತ್ತಾಗಿದ್ದರೆ ಆ ಬೇಸಿಗೆಯ ಕೋರ್ಸುಗಳಿಗೆ ಟೈಮೇ ಇರುತ್ತಿರಲಿಲ್ಲ.

‘ಕ್ರೆಡಿಟ್ ತೆಗೆದುಕೊಳ್ಳುತ್ತೇವೆ’ ಎಂದು ಫೋನ್‌ನಲ್ಲಿ ಕೋಚ್ ಹೇಳಿದರೆ ನಂಬಬೇಡಿ. ಅವರು ಸುಳ್ಳು ಹೇಳುತ್ತಾರೆ ಅಂತಲ್ಲ. ಅದನ್ನು ತೀರ್ಮಾನಿಸುವುದು ಎಂಜಿನಿಯರಿಂಗ್ ಕಾಲೇಜಿನ ಆಫೀಸು, ಕೋಚ್ ಅಲ್ಲ. ‘ಡಿಗ್ರಿಗೆ ಎಷ್ಟು ಕ್ರೆಡಿಟ್ ಸೇರುತ್ತೆ’ ಎಂದು ಅವರಿಂದ ಬರಹದಲ್ಲಿ ತರಿಸಿಕೊಳ್ಳಿ. ಇನ್ನೊಂದು ಮಾತು. ಹುಡುಗರಿಗೆ ಸುಲಭ ಆಗಲಿ ಎಂದು ಎಂಜಿನಿಯರಿಂಗ್ ಬಿಡಿಸಿ ಬೇರೆ ಮೇಜರ್‌ಗೆ ಹಾಕಿಸುವ ಸಲಹೆ ಕೆಲವು ಕಡೆ ಬರುತ್ತದೆ. ಶೇಕಡಾ ಲೆಕ್ಕ ಸರಿಹೋಗುತ್ತದೆ, ಆಡಲೂ ಬಿಡುತ್ತಾರೆ. ಆದರೆ 22ನೇ ವಯಸ್ಸಿಗೆ ಅವನ ಕೈಯಲ್ಲಿ ಇರುವುದು ಅವನು ಬಯಸದ ಡಿಗ್ರಿ. ಇದು ಅವನಾಗಿ ಆರಿಸಿದ್ದಾದರೆ ಸರಿ. ಅನುಕೂಲಕ್ಕಾಗಿ ಮಾಡಿದ್ದಾದರೆ ಮುಂದೆ ಕಾಡುತ್ತದೆ.

ದುಡ್ಡಿನ ವಿಷಯ ನೀವು ಕೇಳಿಲ್ಲ, ಆದರೆ ಆ ಫೋನ್ ನಡುಗುವುದಕ್ಕೆ ಅದೂ ಒಂದು ಕಾರಣ. 2021ರ ಜುಲೈನಿಂದ ಆಟಗಾರರು ತಮ್ಮ ಹೆಸರು, ಮುಖ ಬಳಸಿ ಹಣ ಗಳಿಸಬಹುದು. 2025ರ ಜುಲೈನಿಂದ ಹೌಸ್ ಒಪ್ಪಂದಕ್ಕೆ ಸೇರಿದ ಕಾಲೇಜುಗಳು ನೇರವಾಗಿಯೇ ಕೊಡಬಹುದು. ಮೊದಲ ವರ್ಷದ ಮಿತಿ ಎಲ್ಲ ಆಟಗಳೂ ಸೇರಿ ಒಂದು ಯೂನಿವರ್ಸಿಟಿಗೆ ಸುಮಾರು 2 ಕೋಟಿ 5 ಲಕ್ಷ ಡಾಲರ್. ಅದರ ದೊಡ್ಡ ಪಾಲು ಫುಟ್‌ಬಾಲಿಗೆ, ಆಮೇಲೆ ಪುರುಷರ ಬಾಸ್ಕೆಟ್‌ಬಾಲಿಗೆ. ಟಿವಿಯಲ್ಲಿ ಕೇಳುವ ಮೊತ್ತ ಮೇಲಿನ ಮಟ್ಟದ ಕೆಲವರದ್ದು. ನಿಮ್ಮ ಮಗನ ಮಟ್ಟದಲ್ಲಿ ಬಹಳ ಕಡೆ ಅದು ತೀರಾ ಕಡಿಮೆ, ಎಷ್ಟೋ ಕಡೆ ಏನೂ ಇಲ್ಲ. ಬಂದರೂ ಅದು ಆದಾಯ, ತೆರಿಗೆ ಕಟ್ಟಬೇಕು. ಕುಟುಂಬದ ಆದಾಯ ನೋಡಿ ಕೊಡುವ ನೆರವು ಸಿಗುತ್ತಿದ್ದರೆ ಅದು ಕಡಿಮೆಯಾಗಬಹುದು. ಒಪ್ಪಂದದಲ್ಲಿ ‘ಮಧ್ಯದಲ್ಲಿ ಬಿಟ್ಟರೆ ಇಷ್ಟು ವಾಪಸ್ ಕೊಡಬೇಕು’ ಎಂಬ ಸಾಲು ಈಗ ಸಾಮಾನ್ಯ. ಸಹಿ ಹಾಕುವ ಮುಂಚೆ ಒಬ್ಬ ವಕೀಲರಿಗೆ ತೋರಿಸಿ. ನಿಮ್ಮ ಟ್ರೇನರ್‌ಗೆ ಇದರಲ್ಲಿ ಪಾಲು ಇದೆಯಾ ಎಂದು ನೇರವಾಗಿ ಕೇಳಿ. ಕೇಳುವುದರಲ್ಲಿ ಅವಮಾನ ಏನೂ ಇಲ್ಲ, ಒಳ್ಳೆಯವರಾದರೆ ನೇರವಾಗಿ ಹೇಳುತ್ತಾರೆ.

ನಿಮ್ಮ ಮಗ ಅಮೆರಿಕದ ಪ್ರಜೆ, ಹಾಗಾಗಿ ವೀಸಾ ತೊಂದರೆ ಇಲ್ಲ. ಆದರೆ ಬೆಂಗಳೂರಿನಿಂದಲೋ ಮೈಸೂರಿನಿಂದಲೋ ಮಕ್ಕಳನ್ನು ಎಫ್-1 ವಿದ್ಯಾರ್ಥಿ ವೀಸಾದಲ್ಲಿ ಆಡಲು ಕಳಿಸಿರುವವರು ಇದನ್ನು ಓದುತ್ತಿದ್ದರೆ ಒಂದು ಮಾತು. ಆ ವೀಸಾದಲ್ಲಿ ಇಂಥ ಹಣ ಪಡೆಯುವುದು ವೀಸಾಗೇ ಕುತ್ತು ತರಬಹುದು. ಕಾಲೇಜು ಬದಲಿಸುವಾಗ ಆ ವೀಸಾಗಾಗಿ ಕಾಲೇಜು ಕೊಡುವ ಐ-20 ಪತ್ರದ ವರ್ಗಾವಣೆಯೂ ಆಗಬೇಕು. ಮೊದಲ ಫೋನ್ ಹೋಗಬೇಕಾದ್ದು ಕಾಲೇಜಿನ ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಆಫೀಸಿಗೆ.

ಈಗ ನಿಮ್ಮ ಮಗನ ಎದುರು ಇರುವ ದಾರಿಗಳು.

ಇರುವುದು. ಏಳು ಜನ ಹೋದರೆ ಏಳು ಜನರ ನಿಮಿಷಗಳು ಖಾಲಿಯಾಗುತ್ತವೆ. ಆ ಕಾಲೇಜಿನ ಓದು, ಲ್ಯಾಬು, ಊಟದ ಹಾಲ್ ಎಲ್ಲ ಗೊತ್ತಿರುವ ಎರಡು ವರ್ಷದ ಹುಡುಗ ಹೊಸ ಕೋಚ್‌ಗೂ ಬೇಕಾಗುತ್ತಾನೆ. ಒಂದೇ ಕಡೆ ಉಳಿದು ಬೆಳೆದವರ ಉದಾಹರಣೆ ಕಡಿಮೆಯೇನಿಲ್ಲ. ಪರ್ಡ್ಯೂದಲ್ಲಿ 2022ರಲ್ಲಿ ಸೇರಿದ ಬ್ರೇಡನ್ ಸ್ಮಿತ್, ಫ್ಲೆಚರ್ ಲಾಯರ್ ಇಬ್ಬರೂ ನಾಲ್ಕು ವರ್ಷ ಅಲ್ಲೇ ಇದ್ದರು, 2024ರ ಫೈನಲ್ ಆಡಿದರು. ಅಲ್ಲಿ ಕೋಚ್ ಮ್ಯಾಟ್ ಪೇಂಟರ್ 2005ರಿಂದ ಬದಲಾಗಿಲ್ಲ ಎಂಬ ಅನುಕೂಲ ಇತ್ತು, ಅದು ನಿಮಗಿಲ್ಲ. ಇಲ್ಲಿರುವ ಅಪಾಯ ಏನೆಂದರೆ, ಹೊಸ ಕೋಚ್ ಬಾಯಲ್ಲಿ ‘ಇರು’ ಎಂದು ಹೇಳಿ, ಅವಧಿ ಮುಗಿದ ಮೇಲೆ ಅವನ ಜಾಗಕ್ಕೆ ಮೂರು ಗಾರ್ಡ್‌ಗಳನ್ನು ತರಬಹುದು. ಆಗ ಹೊರಡುವ ಬಾಗಿಲೂ ಮುಚ್ಚಿರುತ್ತದೆ.

ಹಾಗಾಗಿ ಹೊಸ ಕೋಚ್ ಜೊತೆ ಮಾತಾಡುವಾಗ ಪ್ರಶ್ನೆ ನೇರವಾಗಿರಲಿ. ‘ನನ್ನನ್ನು ಉಳಿಸಿಕೊಳ್ಳುತ್ತೀರಾ’ ಎಂದು ಕೇಳಿದರೆ ಎಲ್ಲರೂ ಹೌದು ಎನ್ನುತ್ತಾರೆ. ‘ನನ್ನ ಜಾಗಕ್ಕೆ ಪೋರ್ಟಲ್‌ನಿಂದ ಎಷ್ಟು ಜನರನ್ನು ತರುತ್ತೀರಿ’ ಎಂದು ಕೇಳಲಿ. ‘ನನ್ನ ಹಳೇ ಪಂದ್ಯಗಳ ವಿಡಿಯೊ ನೋಡಿದ್ದೀರಾ, ನಾನು ಏನು ಸುಧಾರಿಸಬೇಕು’ ಎಂದು ಕೇಳಲಿ. ವಿಡಿಯೊ ನೋಡಿದವರು ಒಂದು ನಿರ್ದಿಷ್ಟ ಮಾತು ಹೇಳುತ್ತಾರೆ, ‘ಎಡಗೈ ಡ್ರಿಬಲ್ ಸಾಲದು’ ಅನ್ನುತ್ತಾರೆ. ನೋಡದವರು ‘ನಿನ್ನ ಶ್ರಮ ನನಗಿಷ್ಟ’ ಅನ್ನುತ್ತಾರೆ. ‘ಸ್ಕಾಲರ್‌ಶಿಪ್ ಡಿಗ್ರಿ ಮುಗಿಯುವವರೆಗೂ ಇರುತ್ತಾ, ಬರೆದುಕೊಡುತ್ತೀರಾ’ ಎಂದೂ ಕೇಳಲಿ. ಕಾಲೇಜಿನಿಂದ ಕಾಲೇಜಿಗೆ ಇದು ಬೇರೆ. ಈ ಮಾತನ್ನು ಅವನೇ ಆಡಬೇಕು, ನೀವಲ್ಲ. ಅಮ್ಮ ಅಪ್ಪ ಮುಂದೆ ನಿಂತು ಮಾತಾಡಿದರೆ ಕೋಚ್‌ಗಳು ಹುಡುಗನನ್ನೇ ಚಿಕ್ಕವನೆಂದು ಎಣಿಸುತ್ತಾರೆ.

ಹೊರಡುವುದು. ಹೊಸ ಕೋಚ್ ಮಾತಿನಲ್ಲಿ ಜಾಗ ಇಲ್ಲ ಎಂದು ಗೊತ್ತಾದರೆ ಇದು ಸರಿ. ಎರಡು ಸೀಸನ್ ಬಾಕಿ ಇದೆ, ಅದನ್ನು ಬೆಂಚಿನಲ್ಲಿ ಕಳೆಯಬೇಕಾಗಿಲ್ಲ. ಆದರೆ ಅಪಾಯ ದೊಡ್ಡದು. ಪಟ್ಟಿಗೆ ಬರುವ ಸಾವಿರಾರು ಹುಡುಗರಲ್ಲಿ ಎಲ್ಲರಿಗೂ ಡಿವಿಷನ್ 1ರಲ್ಲಿ ಮತ್ತೆ ಸ್ಕಾಲರ್‌ಶಿಪ್ ಸಿಗುವುದಿಲ್ಲ. ಕೆಲವರು ಡಿವಿಷನ್ 2ಕ್ಕೆ ಇಳಿಯುತ್ತಾರೆ, ಕೆಲವರಿಗೆ ಎಲ್ಲೂ ಸಿಗುವುದಿಲ್ಲ. ದೂರದ ಬೆಟ್ಟ ನುಣ್ಣಗೆ ಕಾಣುತ್ತದೆ. 14 ನಿಮಿಷ ಆಡಿದ ಗಾರ್ಡ್‌ಗೆ ಅದೇ ಮಟ್ಟದ ಅಥವಾ ಒಂದು ಮೆಟ್ಟಿಲು ಕೆಳಗಿನ ಲೀಗ್‌ನಲ್ಲಿ 30 ನಿಮಿಷ ಸಿಗುವುದು ಒಳ್ಳೆಯ ಫಲ. ಮೇಲಿನ ಲೀಗ್‌ನ ಹೆಸರು ನೋಡಿ ಹೋದರೆ 4 ನಿಮಿಷ ಸಿಗಬಹುದು.

ಇನ್ನೊಂದು ದಾರಿ ಇದೆ. ನಮ್ಮವರು ಅದನ್ನು ಸೋಲು ಎಂದುಕೊಳ್ಳುತ್ತಾರೆ, ನಾನು ಹಾಗೆ ತಿಳಿಯುವುದಿಲ್ಲ. ಡಿವಿಷನ್ 3. ಅಲ್ಲಿ ಆಟಕ್ಕೆ ಸ್ಕಾಲರ್‌ಶಿಪ್ ಇಲ್ಲ, ಓದಿಗೂ ಆದಾಯಕ್ಕೂ ತಕ್ಕ ನೆರವು ಇದೆ. ಎಂಐಟಿ, ಜಾನ್ಸ್ ಹಾಪ್ಕಿನ್ಸ್, ನಿಮ್ಮ ರಾಜ್ಯದಲ್ಲೇ ಹೋಬೋಕನ್‌ನ ಸ್ಟೀವನ್ಸ್ ಇನ್‌ಸ್ಟಿಟ್ಯೂಟ್, ಇವೆಲ್ಲ ಡಿವಿಷನ್ 3. ಡಿವಿಷನ್ 1ರಲ್ಲಿ ಎರಡು ವರ್ಷ ಆಡಿದ ಎಂಜಿನಿಯರಿಂಗ್ ಹುಡುಗ ಅಂಥ ಟೀಮಿಗೆ ದೊಡ್ಡ ಆಸ್ತಿ. ಖರ್ಚಿನ ಲೆಕ್ಕ ಮಾತ್ರ ಸರಿಯಾಗಿ ಹಾಕಿ, ಕೈಯಿಂದ ಕಟ್ಟಬೇಕಾದದ್ದು ಜಾಸ್ತಿ ಆಗಬಹುದು.

ನನ್ನ ಅಭಿಪ್ರಾಯ ಕೇಳಿದರೆ, ಇವತ್ತಿನ ಮಟ್ಟಿಗೆ ಅವನು ಹೆಸರು ಕೊಡಬಾರದು. ಹೊಸ ಕೋಚ್ ಇನ್ನೂ ಬಂದೇ ಇಲ್ಲ. ಅವರ ಜೊತೆ ಅರ್ಧ ಗಂಟೆ ಕೂತು ಮಾತಾಡದೆ, ಕ್ರೆಡಿಟ್ ಲೆಕ್ಕ ಕೈಯಲ್ಲಿ ಇಲ್ಲದೆ ಮಾಡುವ ತೀರ್ಮಾನ ಬರೀ ಕೋಪದ್ದು ಆಗುತ್ತದೆ. ಕೋಪಕ್ಕೆ ಕಾರಣ ಇದೆ, ಅದನ್ನು ಅವನು ಹೇಳಿಕೊಳ್ಳಲಿ. ಈ ವಾರ ಅವನ ಜೊತೆ ಕೂತಾಗ ಬಾಸ್ಕೆಟ್‌ಬಾಲ್ ಸಲಹೆ ಕೊಡಬೇಡಿ. ‘ಆ ಕೋಚ್ ಹೋದದ್ದು ನಿನಗೆ ಎಷ್ಟು ಬೇಜಾರಾಯ್ತು’ ಎಂದು ಕೇಳಿ, ಸುಮ್ಮನೆ ಕೇಳಿಸಿಕೊಳ್ಳಿ. ಹತ್ತೊಂಬತ್ತು, ಇಪ್ಪತ್ತರ ಹುಡುಗರು ನನ್ನ ಆಫೀಸಿನಲ್ಲಿ ಅತ್ತದ್ದು ನಿಮಿಷ ಸಿಗಲಿಲ್ಲ ಎಂದಲ್ಲ. ‘ನನಗೊಂದು ಮಾತು ಮೊದಲೇ ಹೇಳಬಹುದಿತ್ತು’ ಎಂದು.

ಈ ವಾರದ ಕೆಲಸ ಇಷ್ಟು. ಕಂಪ್ಲಯನ್ಸ್ ಆಫೀಸಿನಿಂದ ದಿನಾಂಕ ಬರಹದಲ್ಲಿ ಬರಲಿ. ಹೊಸ ಕೋಚ್ ಹೆಸರು ಪ್ರಕಟವಾದ ದಿನವೇ ಮಗ ತಾನಾಗಿ ಮೆಸೇಜ್ ಕಳಿಸಿ ಭೇಟಿಗೆ ಸಮಯ ಕೇಳಲಿ, ಅವರೇ ಕರೆಯಲಿ ಎಂದು ಕಾಯಬೇಡ. ಉಳಿದ ಅಸಿಸ್ಟೆಂಟ್ ಯಾರು ಎಂದು ತಿಳಿದುಕೊಳ್ಳಿ. ಅವನು ಮನಸ್ಸಿನಲ್ಲಿ ಇಟ್ಟುಕೊಂಡಿರುವ ಎರಡು ಮೂರು ಕಾಲೇಜಿನ ಮೆಕ್ಯಾನಿಕಲ್ ಡಿಗ್ರಿ ಷೀಟ್ ಅವುಗಳ ವೆಬ್‌ಸೈಟಿನಲ್ಲೇ ಸಿಗುತ್ತದೆ. ಅದನ್ನು ಪ್ರಿಂಟ್ ತೆಗೆದು, ಅವನ ಟ್ರಾನ್ಸ್‌ಕ್ರಿಪ್ಟ್ ಪಕ್ಕ ಇಟ್ಟು, ನಿಮ್ಮ ಯಜಮಾನರು ಮತ್ತು ಮಗ ಇಬ್ಬರೂ ಕೂತು ಒಂದೊಂದೇ ಕೋರ್ಸಿಗೆ ಗೀಟು ಎಳೆಯಲಿ. ಇಬ್ಬರೂ ಒಂದೇ ಟೇಬಲ್‌ಗೆ ಬರಲು ಇದಕ್ಕಿಂತ ಒಳ್ಳೆಯ ನೆಪ ಸಿಗಲಾರದು. ಈ ಲೆಕ್ಕ ನಿಮ್ಮ ಯಜಮಾನರಿಗೆ ಅರ್ಥವಾಗುತ್ತದೆ, ಮಗನಿಗೂ ಅದು ಅಪ್ಪನ ಉಪದೇಶ ಅನಿಸುವುದಿಲ್ಲ.

ಗೀಟು ಎಳೆದ ಹಾಳೆಗಳ ಫೋಟೊ ತೆಗೆದು ನನಗೆ ಕಳಿಸಿ. ಹೊಸ ಕೋಚ್ ಏನೇನು ಉತ್ತರ ಕೊಟ್ಟರು ಎಂದು ಮಗನ ಮಾತಿನಲ್ಲೇ ಬರೆದು ಕಳಿಸಲಿ. ಕ್ರೆಡಿಟ್ ಲೆಕ್ಕ ನಾನೇ ಇನ್ನೊಮ್ಮೆ ಹಾಕಿ ನೋಡುತ್ತೇನೆ. ಕೊನೆ ದಿನಕ್ಕೆ ಮುಂಚೆ ಉತ್ತರ ಬರೆಯುತ್ತೇನೆ.